ಚಂದ ಬೇಡಪ್ಪಾ, ಕತ್ತಲೆ ಬೇಕು!

ಓದುಗ ಮಹಾಶಯರೇ, ನನ್ನ ಮುಖ ನೀವು ನೋಡಿಲ್ಲ. ಕೈಕೆಲಸ ಮಾತ್ರ ನೋಡಿಯೇ ಇದ್ದೀರಿ. ಹಳೇ ಚಿತ್ರಗಳಲ್ಲಿ ಸಾಹುಕಾರರ ಮನೆ ಅಂದರೆ ಒಂದು ಮೆಟ್ಟಿಲು, ಮೆಟ್ಟಿಲ ಪಕ್ಕ ಆಳೆತ್ತರದ ಕಿಟಕಿ, ಕಿಟಕಿಗೆ ನೆಲ ಗುಡಿಸುವ ಕೆಂಪು ಮಖಮಲ್ಲಿನ ಪರದೆ! ಖಳನಾಯಕ ಅದರ ಹಿಂದೆ ಅವಿತುಕೊಂಡು ಬೂಟಿನ ತುದಿ ಮಾತ್ರ ತೋರಿಸುತ್ತಿದ್ದ. ನಾಯಕಿ ಅದನ್ನೇ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಂಥ ಪರದೆಗಳನ್ನು ಕಟ್ಟಿದವರಲ್ಲಿ ನಾನೂ ಒಬ್ಬ.

1974ರಲ್ಲಿ ಹದಿನೇಳರ ಹುಡುಗನಾಗಿ ಸೆಟ್ಟಿಂಗ್ ಕೆಲಸಕ್ಕೆ ಸೇರಿದವನು ಮೂವತ್ತು ವರ್ಷಕ್ಕೂ ಮಿಕ್ಕಿ ಮದರಾಸು, ಮೈಸೂರು, ಬೆಂಗಳೂರಿನ ಫ್ಲೋರ್‌ಗಳಲ್ಲಿ ಬಾಯಲ್ಲಿ ಮೊಳೆ, ಕೈಯಲ್ಲಿ ಸುತ್ತಿಗೆ, ಹೆಗಲ ಮೇಲೆ ಬಟ್ಟೆ ಹೊತ್ತು ಓಡಾಡಿದೆ. ಕಪ್ಪು ಬಿಳುಪಿನ ಕಾಲದ ಕೊನೆಯನ್ನೂ ಕಂಡೆ. ಆಗ ಅಚ್ಚ ಬಿಳಿ ಬಟ್ಟೆ ಕ್ಯಾಮೆರಾದ ಕಣ್ಣಿಗೆ ಹೊಡೆಯುತ್ತದೆ ಅಂತ ಪರದೆಯನ್ನು ಟೀ ನೀರಲ್ಲಿ ಅದ್ದಿ ಒಣಗಿಸುತ್ತಿದ್ದೆವು. ಬಣ್ಣದ ಚಿತ್ರಗಳು ಹೆಚ್ಚಾದ ಮೇಲೆ ಕೆಂಪು, ನೀಲಿ, ಹಳದಿಯ ಹಬ್ಬ. ಟೈಟಲ್ ಕಾರ್ಡಿನಲ್ಲಿ ನನ್ನ ಹೆಸರು ಬರಲಿಲ್ಲ, ಬೇಸರವೂ ಇಲ್ಲ. ಆದರೆ 'ಪರದೆ ವಿಚಾರ ನನ್ನ ಕೇಳಿ' ಅನ್ನೋ ಜಂಬ ಮಾತ್ರ ಉಳಿದುಬಿಟ್ಟಿತ್ತು. ಆ ಜಂಬ ಇಳಿದ ಕತೆಯೇ ಈ ಲೇಖನ.

ಒಂಬತ್ತನೇ ಮಹಡಿಯ ಮನೆ

ಮಗಳು ವೈಟ್‌ಫೀಲ್ಡ್‌ನಲ್ಲಿ ಫ್ಲ್ಯಾಟ್ ತಗೊಂಡಳು. ಒಂಬತ್ತನೇ ಮಹಡಿ. ಅವಳೂ ಅಳಿಯಂದಿರೂ ಕೆಲಸಕ್ಕೆ ಹೋದರೆ ಮೂರು ವರ್ಷದ ಮೊಮ್ಮಗನನ್ನು ನೋಡಿಕೊಳ್ಳೋರು ಬೇಕಲ್ಲ, ನಾನೂ ನಮ್ಮನೆಯವಳೂ ಗಂಟು ಮೂಟೆ ಕಟ್ಟಿಕೊಂಡು ಬಂದೆವು.

ಇವತ್ತು ವೈಟ್‌ಫೀಲ್ಡ್ ಅಂದರೆ ಎಲ್ಲರಿಗೂ ಐಟಿಪಿಎಲ್, ಗಾಜಿನ ಕಟ್ಟಡ, 2023ರಲ್ಲಿ ಬಂದ ಮೆಟ್ರೋ ನೆನಪಾಗುತ್ತೆ. ಆದರೆ ಇದು ಹುಟ್ಟಿದ್ದು 1882ರಲ್ಲಿ. ಮೈಸೂರಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಬೇಸಾಯದ ವಸಾಹತು ಮಾಡಿಕೊಳ್ಳಲು ಸುಮಾರು 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಖಂಡರಾಗಿದ್ದ ಡಿ.ಎಸ್. ವೈಟ್ ಎಂಬುವರ ಹೆಸರೇ ಊರಿಗೆ ನಿಂತಿತು. ಸಂಜೆ ವಾಕಿಂಗ್ ಹೋದಾಗ ಇನ್ನರ್ ಸರ್ಕಲ್ ಕಡೆ ಅಳಿದುಳಿದ ಹಳೇ ಮನೆಗಳನ್ನು ನೋಡುತ್ತೇನೆ. ಹೆಂಚಿನ ಮಾಡು, ಮುಂದೆ ಜಗಲಿ, ಸುತ್ತ ಮರ. ಕಿಟಕಿ ಎಲ್ಲೋ ನೆರಳಿನಲ್ಲಿ ಹಿಂದಕ್ಕೆ ಇರುತ್ತೆ. ಬಿಸಿಲು, ಮಳೆ, ದಾರಿಹೋಕರ ಕಣ್ಣು ಇವನ್ನೆಲ್ಲ ಜಗಲಿ ಮತ್ತು ಮರವೇ ತಡೆಯುತ್ತಿದ್ದವು. ಅಂಥ ಮನೆಗೆ ತೆಳ್ಳನೆಯ ಒಂದು ತುಂಡು ಬಟ್ಟೆ ಸಾಕು.

ನಮ್ಮ ಫ್ಲ್ಯಾಟಿಗೆ ಜಗಲಿಯೂ ಇಲ್ಲ, ಮರವೂ ಇಲ್ಲ. ಗೋಡೆಯ ಅಂಚಿಗೇ ಗಾಜು. ಜಗಲಿ ಮಾಡುತ್ತಿದ್ದ ಕೆಲಸ, ಮರ ಮಾಡುತ್ತಿದ್ದ ಕೆಲಸ, ಎಲ್ಲವನ್ನೂ ಒಂದು ಬಡಪಾಯಿ ಪರದೆಯೇ ಮಾಡಬೇಕು! ಈ ಮಾತು ನನಗೆ ಹೊಳೆದದ್ದು ಬಹಳ ತಡವಾಗಿ.

ಕೆಂಪು ಮಖಮಲ್ಲಿನ ಮೋಹ

"ಅಪ್ಪಾ, ಪರದೆ ಜವಾಬ್ದಾರಿ ನಿಂದೇ" ಅಂತ ಮಗಳು ದುಡ್ಡು ಕೈಗಿಟ್ಟಳು. ನಾನು ನೆಟ್ಟಗೆ ಚಿಕ್ಕಪೇಟೆಗೆ ಹೋದೆ. ಅಂಗಡಿಯವನು ಥಾನ್ ಮೇಲೆ ಥಾನ್ ಬಿಚ್ಚಿ ಹಾಕಿದ. ನನ್ನ ಕಣ್ಣು ನೆಟ್ಟಿದ್ದು ಎಲ್ಲಿ? ಕೆಂಪು ಮಖಮಲ್ಲಿನ ಮೇಲೆ! ಅದು ರೇಷ್ಮೆಯದೂ ಅಲ್ಲ, ಹತ್ತಿಯದೂ ಅಲ್ಲ, ಪಕ್ಕಾ ಪಾಲಿಯೆಸ್ಟರ್. ಇದ್ದರೇನಂತೆ, ಲೈಟ್ ಬಿದ್ದರೆ ಮಿರಮಿರ ಮಿಂಚುತ್ತಲ್ಲ! ಹಾಲ್‌ನ ದೊಡ್ಡ ಕಿಟಕಿಗೆ ನೆಲ ಮುಟ್ಟುವ ಹಾಗೆ ಹೊಲಿಸಿದೆ, ಬಂಗಾರದ ಬಣ್ಣದ ಕುಚ್ಚನ್ನೂ ಹಾಕಿಸಿದೆ. ಮಲಗುವ ಕೋಣೆಗಳಿಗೆ ಉಳಿದ ದುಡ್ಡಲ್ಲಿ ಏನೋ ಒಂದು ತಿಳಿ ಬಣ್ಣದ ತೆಳು ಬಟ್ಟೆ. ಮನೆಗೆ ಬಂದವರೆಲ್ಲ "ಅಬ್ಬಾ, ಥೇಟ್ ಸಿನಿಮಾ!" ಅಂದರು. ನಾನು ಉಬ್ಬಿಹೋದೆ.

ಬೇಸಿಗೆ ಬಂತು ನೋಡಿ. ಹಾಲ್ ಕಿಟಕಿ ಪಶ್ಚಿಮಕ್ಕೆ. ಮೂರು ಗಂಟೆಗೆ ಶುರುವಾದ ಬಿಸಿಲು ಆರರ ತನಕ ಗಾಜಿಗೆ ನೇರ ಬಡಿಯುತ್ತೆ. ಕಡು ಬಣ್ಣದ ಮಖಮಲ್ಲು ಕಾದ ಕಾವಲಿಯ ಹಾಗಾಗಿ ಒಳಗೇ ಝಳ ಬಿಡುತ್ತಿತ್ತು. ರಸ್ತೆ ಕೆಲಸದ ಧೂಳೆಲ್ಲ ಅದರ ನವಿರಿಗೆ ಅಂಟಿ ನಮ್ಮನೆಯವಳಿಗೆ ಬೆಳಗಿನಿಂದ ಸಂಜೆವರೆಗೆ ಸೀನು. ತೊಳೆಯೋಣವೆಂದರೆ ಮೆಷಿನ್‌ಗೆ ಹಿಡಿಯೋದೇ ಇಲ್ಲ. ಮಡಿಕೆ ಮಡಿಕೆಯಲ್ಲಿ ಬಣ್ಣ ಬೇರೆ ಮಾಸಿತು. ಕೊನೆಗೊಂದು ದಿನ ಭಾರ ತಾಳಲಾರದೆ ರಾಡಿನ ಸ್ಕ್ರೂ ಗೋಡೆಯಿಂದ ಕಿತ್ತು ಬಂದು ಇಡೀ ಪರದೆ ಧೊಪ್ಪೆಂದು ನೆಲಕ್ಕೆ! ಮೊಮ್ಮಗ ಒಂದು ಮಾರು ದೂರದಲ್ಲಿ ಆಡುತ್ತಿದ್ದ. ದೇವರು ದೊಡ್ಡವನು.

"ರೀ, ಸ್ಟುಡಿಯೋದಲ್ಲಿ ನಿಮ್ಮ ಪರದೆ ಎಷ್ಟು ದಿನ ಇರ್ತಿತ್ತು?" ಅಂತ ಕೇಳಿದಳು ಇವಳು.

"ಶೂಟಿಂಗ್ ಮುಗಿಯೋ ತನಕ. ಹತ್ತು ದಿನ, ಹದಿನೈದು ದಿನ."

"ಹಾಗಾದ್ರೆ ಇದು ಹೆಚ್ಚೇ ಬಾಳ್ತು ಬಿಡಿ."

ಮಗಳ ಮಾತು

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ನನ್ನ ಮಗಳದು ರಾತ್ರಿ ಪಾಳಿ. ಅಮೆರಿಕದವರಿಗೆ ಬೆಳಗಾದಾಗ ಇವಳ ಕೆಲಸ ಶುರು. ಬೆಳಗಿನ ಆರೂವರೆಗೆ ಕಂಪನಿ ಗಾಡಿ ಮನೆ ಮುಂದೆ ಇಳಿಸುತ್ತೆ. ಅವಳು ಹಾಸಿಗೆಗೆ ಬೀಳುವ ಹೊತ್ತಿಗೆ ಸೂರ್ಯ ಏಳುತ್ತಾನೆ. ಅವಳ ಕೋಣೆಯ ಕಿಟಕಿ ಎತ್ತ? ಪೂರ್ವಕ್ಕೆ! ನಾನು ಹಾಕಿಸಿದ ತೆಳು ಬಟ್ಟೆಯಲ್ಲಿ ಬಿಸಿಲು ಸೋಸಿಕೊಂಡು ಅವಳ ರೆಪ್ಪೆ ಮೇಲೇ ಬೀಳುತ್ತಿತ್ತು. ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಮಲಗುತ್ತಿದ್ದಳು. ಎರಡು ಗಂಟೆ ನಿದ್ದೆ, ಮತ್ತೆ ಎಚ್ಚರ, ಮತ್ತೆ ಹೊರಳಾಟ. ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ. ಅಪ್ಪ ಅಷ್ಟು ಆಸೆಪಟ್ಟು ಹಾಕಿಸಿದ್ದಾನೆ ಅಂತ ಸುಮ್ಮನಿದ್ದಳೋ ಏನೋ.

ಒಂದು ಮಧ್ಯಾಹ್ನ ಮಗುವನ್ನು ಸ್ಕೂಟರ್‌ನಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋಗಿದ್ದವಳು ವಾಪಸ್ ಬಂದಾಗ ಕೈ ಗಡಗಡ ನಡುಗುತ್ತಿತ್ತು. ಹೋಪ್ ಫಾರ್ಮ್ ಸರ್ಕಲ್ ಹತ್ತಿರ ಒಂದು ಕ್ಷಣ ಕಣ್ಣು ಮುಚ್ಚಿಹೋಯಿತಂತೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದದ್ದಕ್ಕೆ ಎಚ್ಚರವಾಯಿತಂತೆ.

ಸಂಜೆ ನಾನು, "ಬೇರೆ ಒಳ್ಳೇ ಪರದೆ ತರ್ತೀನಮ್ಮ, ಈಗ ಹೊಸ ಹೊಸ ಡಿಸೈನ್ ಬಂದಿವೆ..." ಅಂತ ಶುರು ಮಾಡಿದೆ. ಅವಳು ತಲೆ ಎತ್ತಿ ನೋಡಿದಳು. ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು.

"ಚಂದ ಬೇಡಪ್ಪಾ... ನಂಗೆ ಕತ್ತಲೆ ಬೇಕು."

ಎಷ್ಟೋ ಸಿನಿಮಾ ಡೈಲಾಗು ಕೇಳಿದ ಕಿವಿ ಇದು. ಇಷ್ಟು ಚುಚ್ಚಿದ ಮಾತು ಇನ್ನೊಂದಿಲ್ಲ.

ಹಗಲನ್ನು ರಾತ್ರಿ ಮಾಡುವ ವಿದ್ಯೆ

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಕಸುಬೇ ಹಗಲನ್ನು ರಾತ್ರಿ ಮಾಡೋದಾಗಿತ್ತಲ್ಲ! ನಾಯಕನ ಡೇಟ್ಸ್ ಇರೋದು ಹಗಲು ಹೊತ್ತು, ಸೀನ್ ಇರೋದು ಮಧ್ಯರಾತ್ರಿ. ಯಾರದ್ದೋ ಬಂಗಲೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಿಗಿದು ಸೂಜಿಮೊನೆಯಷ್ಟೂ ಬೆಳಕು ನುಸುಳದ ಹಾಗೆ ಮಾಡುತ್ತಿದ್ದೆವು. ಕ್ಯಾಮೆರಾಮನ್ನರು ಒಳಗೆ ನಿಂತು "ಮೇಲೆ ಲೀಕ್ ಇದೆ ನೋಡೋ, ಪಕ್ಕದಲ್ಲಿ ಲೀಕ್ ಇದೆ ನೋಡೋ" ಅಂತ ಕೂಗುತ್ತಿದ್ದರು. ಯಾರ್ಯಾರಿಗೋ ಸುಳ್ಳು ರಾತ್ರಿ ಕಟ್ಟಿಕೊಟ್ಟವನು ಸ್ವಂತ ಮಗಳಿಗೆ ಒಂದು ರಾತ್ರಿ ಕಟ್ಟಿಕೊಡಲಿಲ್ಲವಲ್ಲ!

ಮಾರನೇ ದಿನವೇ ಟೇಪ್ ಹಿಡಿದೆ. ರಾತ್ರಿ ಪಾಳಿಯವರು ನಿಮ್ಮ ಮನೆಯಲ್ಲೂ ಇದ್ದರೆ ಇದನ್ನು ಗಮನವಿಟ್ಟು ಓದಿ.

ಬೆಳಕು ಬಟ್ಟೆಯ ಮೂಲಕ ಬರುವುದಕ್ಕಿಂತ ಅಂಚುಗಳಿಂದ ಕದ್ದು ಬರುವುದೇ ಹೆಚ್ಚು. ಆದ್ದರಿಂದ ರಾಡನ್ನು ಕಿಟಕಿ ಚೌಕಟ್ಟಿಗಿಂತ ಆರು ಅಂಗುಲ ಮೇಲೆ, ಎರಡೂ ಪಕ್ಕಕ್ಕೆ ಆರಾರು ಅಂಗುಲ ಚಾಚಿ ಹಾಕಿಸಿ. ರಾಡಿನ ತುದಿ ಗೋಡೆಗೆ ಬಾಗಿದ್ದರೆ ಇನ್ನೂ ಉತ್ತಮ. ಆಗ ಪರದೆಯ ಅಂಚು ಗೋಡೆಗೇ ಅಂಟಿ ನಿಲ್ಲುತ್ತೆ. ಮೇಲಿಂದ ಬರುವ ಬೆಳಕಿಗೆ ಮದ್ದು, ನಮ್ಮ ಹಳೇ ಪೆಲ್ಮೆಟ್. ಹಲಗೆಯ ಆ ಡಬ್ಬಿ ಹಳೇ ಫ್ಯಾಷನ್ ಅಂತ ಮೂಗು ಮುರಿಯಬೇಡಿ. ಎರಡು ಪರದೆ ಕೂಡುವ ನಡುವೆ ಮೂರು ಅಂಗುಲ ಒಂದರ ಮೇಲೊಂದು ಬರಲಿ. ಕೆಳಗೆ ಸ್ವಲ್ಪ ಬೆಳಕು ನುಸುಳಿದರೆ ಚಿಂತೆಯಿಲ್ಲ, ಅದು ನೆಲಕ್ಕೆ ಬೀಳುತ್ತೆ, ಮಲಗಿದವರ ಕಣ್ಣಿಗಲ್ಲ. ಆ ಸಂದಿಯಲ್ಲಿ ಗಾಳಿಯೂ ಆಡುತ್ತೆ.

ಅಂಗಡಿಯಲ್ಲಿ 'ಬ್ಲ್ಯಾಕೌಟ್' ಅಂತ ಚೀಟಿ ಇದ್ದ ಮಾತ್ರಕ್ಕೆ ನಂಬಬೇಡಿ. ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಚ್ಚಿ ನೋಡಿ. ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡರೆ ಅದು ಹೆಸರಿಗಷ್ಟೇ ಬ್ಲ್ಯಾಕೌಟ್. ನಾನು ಮಾಡಿದ್ದು ಹೀಗೆ: ಒಳಮುಖಕ್ಕೆ ಅವಳಿಗಿಷ್ಟವಾದ ನೀಲಿ ಹತ್ತಿ ಬಟ್ಟೆ, ಗಾಜಿನ ಕಡೆಗೆ ಬಿಳಿ ಬೆನ್ನಿನ ಬ್ಲ್ಯಾಕೌಟ್ ಲೈನಿಂಗ್. ಲೈನಿಂಗನ್ನು ಪರದೆಗೆ ಸೇರಿಸಿ ಹೊಲಿಸದೆ ಮೇಲೆ ಮಾತ್ರ ಕೊಕ್ಕೆಗೆ ಸಿಕ್ಕಿಸಿದರೆ, ಒಗೆಯುವಾಗ ಹತ್ತಿಯನ್ನಷ್ಟೇ ಬಿಚ್ಚಿಕೊಳ್ಳಬಹುದು. ಲೇಪನದ ಬಟ್ಟೆಗೆ ಬಿಸಿ ಇಸ್ತ್ರಿ ಮುಟ್ಟಿಸಿದರೆ ಕೆಟ್ಟಿತು.

ಬಟ್ಟೆಯ ಲೆಕ್ಕ

ಟೈಲರ್ ಹೇಳಿದಷ್ಟು ಮೀಟರ್ ತಂದು ಆಮೇಲೆ ಕೈ ಕೈ ಹಿಸುಕಿಕೊಳ್ಳುವವರೇ ಜಾಸ್ತಿ. ಲೆಕ್ಕ ನೀವೇ ಹಾಕಿ, ಸುಲಭ.

ಕಿಟಕಿ ಆರು ಅಡಿ ಅಗಲ ಅಂದುಕೊಳ್ಳಿ. ಪಕ್ಕಕ್ಕೆ ಆರಾರು ಅಂಗುಲ ಸೇರಿಸಿದರೆ ರಾಡು ಏಳು ಅಡಿ. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಅದರ ಎರಡರಷ್ಟು ಬಟ್ಟೆ ಬೇಕು, ಅಂದರೆ ಹದಿನಾಲ್ಕು ಅಡಿ, 168 ಅಂಗುಲ. 48 ಅಂಗುಲ ಪನ್ನದ ಬಟ್ಟೆಯಾದರೆ ಮೂರೂವರೆ ತುಂಡು ಬರುತ್ತೆ. ನಾಲ್ಕು ಅಂತ ಹಿಡಿಯಿರಿ. ಉದ್ದ ಏಳು ಅಡಿ ಬೇಕಿದ್ದರೆ ಮೇಲಿನ ಪಟ್ಟಿಗೂ ಕೆಳಗಿನ ಮಡಿಕೆಗೂ ಸೇರಿ ಒಂದು ಅಡಿ ಹೆಚ್ಚು. ಹತ್ತಿಯಾದರೆ ನೂರಕ್ಕೆ ಐದರಷ್ಟು ಕುಗ್ಗುತ್ತೆ ಅಂತ ಇನ್ನೈದು ಅಂಗುಲ ಸೇರಿಸಿ. ಒಂದು ತುಂಡಿಗೆ 101 ಅಂಗುಲ, ನಾಲ್ಕಕ್ಕೆ 404 ಅಂಗುಲ. ಹತ್ತೂವರೆ ಮೀಟರ್ ತಂದರೆ ಸಾಕು. ಹೂವಿನ ಡಿಸೈನ್ ಇದ್ದರೆ ತುಂಡಿಂದ ತುಂಡಿಗೆ ಹೂವು ಕೂಡಿಸಲು ಇನ್ನಷ್ಟು ಬೇಕು. ತಂದ ಹತ್ತಿ ಬಟ್ಟೆಯನ್ನು ನೀರಲ್ಲಿ ನೆನೆಹಾಕಿ ಒಣಗಿಸಿದ ಮೇಲೇ ಕತ್ತರಿ ಹಾಕಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಮಂಡಿ ಮೇಲೇರಿದ ಪ್ಯಾಂಟಿನ ಹಾಗೆ ಪರದೆ ಗಿಡ್ಡ!

ಇನ್ನು ಸ್ಟೈಲು. ರಿಂಗಿನ ಪರದೆ ಎಳೆಯಲು ಸಲೀಸು, ಮಕ್ಕಳಿರುವ ಮನೆಗೆ ಒಗ್ಗುತ್ತೆ. ಒಂದು ಪರದೆಗೆ ರಿಂಗುಗಳ ಸಂಖ್ಯೆ ಸರಿಸಂಖ್ಯೆಯೇ ಇರಲಿ, ಎಂಟು ಅಥವಾ ಹತ್ತು. ಆಗ ಎರಡೂ ಅಂಚು ಗೋಡೆಯ ಕಡೆಗೇ ತಿರುಗುತ್ತವೆ. ನೆರಿಗೆ ಹಿಡಿದು ಕೊಕ್ಕೆ ಹಾಕುವ ಪರದೆಗೆ ಗಾಂಭೀರ್ಯ ಜಾಸ್ತಿ, ಬೆಳಕನ್ನೂ ಚೆನ್ನಾಗಿ ತಡೆಯುತ್ತೆ, ಖರ್ಚೂ ಜಾಸ್ತಿ. ರಾಡಿಗೇ ಬಟ್ಟೆ ತೂರಿಸುವುದು ಅಗ್ಗ. ಆದರೆ ದಿನಾ ಎಳೆಯುವ ಕಿಟಕಿಗೆ ಬೇಡ, ಬಟ್ಟೆ ಸವೆಯುತ್ತೆ. ಎಳೆದು ಮೇಲೇರಿಸುವ ಬ್ಲೈಂಡ್ ಹಾಕಿಸುವವರು ಒಂದು ಮಾತು ನೆನಪಿಡಿ. ಅದರ ದಾರದ ಕುಣಿಕೆ ಪುಟ್ಟ ಮಕ್ಕಳ ಕೊರಳಿಗೆ ಬಿದ್ದು ಪ್ರಾಣವೇ ಹೋದ ಪ್ರಕರಣಗಳು ಹೊರದೇಶಗಳಲ್ಲಿ ಎಷ್ಟೋ ಆಗಿವೆ. ಮಗುವಿರುವ ಮನೆಗೆ ದಾರವಿಲ್ಲದ್ದೇ ಇರಲಿ.

ಬಿಸಿಲಿನ ದಿಕ್ಕು

ಹಾಲ್ ಕಿಟಕಿಗೆ ಎರಡು ರಾಡು ಹಾಕಿಸಿದೆ. ಗಾಜಿನ ಪಕ್ಕ ತೆಳು ಬಿಳಿ ಹತ್ತಿ, ಅದರ ಮುಂದೆ ತಿಳಿ ಬಣ್ಣದ ದಪ್ಪ ಕೈಮಗ್ಗದ ಬಟ್ಟೆ. ಬೆಳಗ್ಗೆ ತೆಳುವಿನದೊಂದೇ. ಎದುರು ಬ್ಲಾಕಿನವರಿಗೆ ನಮ್ಮ ಮನೆ ಕಾಣಲ್ಲ, ನಮಗೆ ಆಕಾಶ ಕಾಣುತ್ತೆ. ಆದರೆ ರಾತ್ರಿ ಒಳಗೆ ಲೈಟ್ ಹಾಕಿದರೆ ತೆಳು ಪರದೆ ತಿರುಗುಮುರುಗು, ಹೊರಗಿನವರಿಗೆ ನೀವೇ ಸಿನಿಮಾ! ಆಗ ದಪ್ಪದ್ದು ಎಳೆಯಲೇಬೇಕು. ಮಧ್ಯಾಹ್ನ ಬಿಸಿಲು ಬೀಳುವ ಮುಂಚೆಯೇ ಎರಡನ್ನೂ ಎಳೆಯಿರಿ. ಗಾಜು ದಾಟಿದ ಶಾಖ ಅರ್ಧ ಗೆದ್ದಂತೆಯೇ. ಅದಕ್ಕೇ ಬಿಸಿಲನ್ನು ಹೊರಗೇ ತಡೆಯುವುದು ಎಲ್ಲಕ್ಕಿಂತ ಮೇಲು. ಹಿಂದಿನವರು ಹೊರಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಬಾಲ್ಕನಿ ಇದ್ದರೆ ಒಂದು ಬಿದಿರಿನ ಚಿಕ್ಕು ಇಳಿಬಿಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ.

ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅಂತ ಹೇಳೋರುಂಟು. ನಮ್ಮ ಬೆಂಗಳೂರಿಗೆ ಆ ಮಾತು ಪೂರ್ತಿ ನಿಜವಲ್ಲ. ಏಪ್ರಿಲ್ ಕೊನೇ ವಾರದಲ್ಲಿ ಸೂರ್ಯ ನೆತ್ತಿ ಮೇಲೇ ಬಂದು, ಆಮೇಲೆ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನ ಉತ್ತರದ ಕಡೆಗೇ ಇರುತ್ತಾನೆ. ಆಗ ಉತ್ತರದ ಕಿಟಕಿಗೂ ಓರೆ ಬಿಸಿಲು ತಗಲುತ್ತೆ.

ಬಟ್ಟೆಗೆ ದೂರ ಹೋಗಬೇಕಿಲ್ಲ. ಖಾದಿ ಭಂಡಾರ, ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆ ನೋಡಿ. ನಮ್ಮನೆಯವಳು ಗುಳೇದಗುಡ್ಡದ ಖಣದಲ್ಲಿ ನಾಲ್ಕು ಅಂಗುಲದ ಪಟ್ಟಿ ಕತ್ತರಿಸಿ ಪರದೆಯ ಅಂಚಿಗೆ ಹೊಲಿದಳು. ಖಣ ರವಿಕೆಗೆಂದು ನೇಯ್ದದ್ದು, ಅಗಲ ಕಮ್ಮಿ, ಇಡೀ ಕಿಟಕಿಗೆ ದುಬಾರಿ. ಅಂಚಿಗೆ ಮಾತ್ರ ಹಾಕಿದರೆ ಕೋಣೆಗೇ ಕಳೆ!

ಒಲೆಯ ಹತ್ತಿರ

ಅಡುಗೆಮನೆ ಕಿಟಕಿಗೆ ಇವಳು ನೈಲಾನ್ ನೆಟ್ಟಿನ ಪರದೆ ತಂದಿದ್ದಳು. ಗ್ಯಾಸ್ ಒಲೆಗೂ ಅದಕ್ಕೂ ಎರಡಡಿ. ನಾನು ಕಿತ್ತುಹಾಕಿದೆ. ಮುನಿಸಿಕೊಂಡಳು. ಆಗ ಮೈಸೂರಿನ ನೆನಪು ಹೇಳಿದೆ.

1989ರ ಫೆಬ್ರವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಶೂಟಿಂಗ್. ಸೆಟ್ಟಿಗೆ ಬೆಂಕಿ ಬಿತ್ತು. 62 ಜನ ಸತ್ತರು. ನಾಯಕನಟ, ನಿರ್ದೇಶಕ ಸಂಜಯ್ ಖಾನ್ ಮೈಯೆಲ್ಲ ಸುಟ್ಟುಕೊಂಡು ಬದುಕಿದರು. ಸಡಿಲ ವೈರಿಂಗ್, ಗಾಳಿ ಆಡಲು ದಾರಿ ಇಲ್ಲ, ದೊಡ್ಡ ದೊಡ್ಡ ಲೈಟುಗಳ ಕಾವು, ಬೆಂಕಿ ತಡೆಯುವ ವಸ್ತುವಿನ ಬದಲು ಗೋಡೆಗೆ ಗೋಣಿತಾಟು... ಕಾರಣಗಳು ಆಮೇಲೆ ಹೊರಬಂದವು. ಆ ಸಲ ನನಗಲ್ಲಿ ಕೆಲಸ ಇರಲಿಲ್ಲ, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಅಂದಿನಿಂದ ಬೆಂಕಿಯ ಹತ್ತಿರ ಬಟ್ಟೆ ಕಂಡರೆ ನನ್ನ ಎದೆ ಧಸಕ್ ಅನ್ನುತ್ತೆ.

ಬಟ್ಟೆ ಯಾವುದು ಅಂತ ತಿಳಿಯಲು ನಾವು ಮಾಡುತ್ತಿದ್ದ ಪರೀಕ್ಷೆ ಇದು: ಎರಡು ಎಳೆ ದಾರ ಕಿತ್ತು, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಿ ತೋರಿಸಿ. ಪಕ್ಕದಲ್ಲಿ ನೀರಿರಲಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತೆ. ಆ ಕರಗಿದ್ದು ಚರ್ಮಕ್ಕೆ ಅಂಟಿದರೆ ಬಿಡಿಸಲಾಗದು. ಹಾಗಂತ ಹತ್ತಿಗೆ ಬೆಂಕಿ ಹತ್ತಲ್ಲ ಅಂತಲ್ಲ, ಅದೂ ಭಗ್ಗನೆ ಉರಿಯುತ್ತೆ. ಆದ್ದರಿಂದ ಒಲೆಯ ಪಕ್ಕದ ಕಿಟಕಿಗೆ ಯಾವ ಬಟ್ಟೆಯೂ ಬೇಡ. ಮಸಕು ಗಾಜಿನ ಹಾಳೆ ಅಂಟಿಸಿದೆವು. ಇವಳ ಮುನಿಸು ಎರಡೇ ದಿನಕ್ಕೆ ಇಳಿಯಿತು.

ಆ ಬೆಳಗ್ಗೆ

ಮಗಳ ಕೋಣೆಯ ಪರದೆ ಕಟ್ಟಿದ್ದು ಒಂದು ಗುರುವಾರ ಸಂಜೆ. ಟೈಲರ್ ಹುಡುಗನನ್ನು ಕಳಿಸಿ ನಾನೇ ಸ್ಟೂಲ್ ಹತ್ತಿದೆ. ಇವಳು ಸ್ಟೂಲ್ ಹಿಡಿದುಕೊಂಡು "ವಯಸ್ಸೆಷ್ಟಾಯ್ತು ಅಂತ ನೆನಪಿದೆಯಾ?" ಅಂತ ಬೈಯುತ್ತಲೇ ಇದ್ದಳು. ಶುಕ್ರವಾರ ಆರೂವರೆಗೆ ಮಗಳು ಬಂದಳು, ಕಾಫಿ ಕುಡಿದಳು, ಬಾಗಿಲು ಹಾಕಿಕೊಂಡಳು.

ಎಂಟಾಯಿತು. ಒಂಬತ್ತಾಯಿತು. ಹನ್ನೊಂದಾಯಿತು. ಸದ್ದಿಲ್ಲ. "ರೀ, ಒಂದ್ಸಲ ನೋಡ್ಲಾ?" ಅಂತ ಇವಳು. "ಸುಮ್ನಿರೇ" ಅಂತ ನಾನು. ಆದರೂ ಮೊಮ್ಮಗನನ್ನು ಎತ್ತಿಕೊಂಡು ಬಾಗಿಲ ಮುಂದೆ ಹತ್ತು ಸಲ ಓಡಾಡಿದೆ.

ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ತೆರೆಯಿತು. ಕೂದಲು ಕೆದರಿ, ಕೆನ್ನೆ ಮೇಲೆ ದಿಂಬಿನ ಗೆರೆ ಮೂಡಿ, ಕಣ್ಣುಜ್ಜಿಕೊಳ್ಳುತ್ತಾ ಹಾಲ್‌ಗೆ ಬಂದು ನಿಂತಳು.

"ಅಪ್ಪಾ, ಈಗ ರಾತ್ರಿನಾ, ಹಗಲಾ?"

ಟೈಟಲ್ ಕಾರ್ಡಿನಲ್ಲಿ ಹೆಸರು ಬರಲಿಲ್ಲ ಅಂದೆನಲ್ಲ, ಅವತ್ತು ಬಂದ ಹಾಗಾಯಿತು ಸ್ವಾಮಿ.

ನೀವೂ ನಾಳೆ ಪರದೆ ಕೊಳ್ಳಲು ಹೊರಟಿದ್ದರೆ ಅಂಗಡಿಯವನ ಕ್ಯಾಟಲಾಗ್ ಆಮೇಲೆ ನೋಡಿ. ಮೊದಲು ಕಿಟಕಿ ಎತ್ತ ಮುಖ ಮಾಡಿದೆ, ಅದರ ಹತ್ತಿರ ಬೆಂಕಿ ಇದೆಯಾ, ಅದರ ಕೆಳಗೆ ಯಾರು ಮಲಗುತ್ತಾರೆ ಅಂತ ನೋಡಿ. ಮಲಗುವವರನ್ನು ಒಂದು ಮಾತು ಕೇಳಿ. ನಾನು ಕೇಳಿರಲಿಲ್ಲ.

ಅಂದಹಾಗೆ, ಆ ಕೆಂಪು ಮಖಮಲ್ಲು ಏನಾಯಿತು ಅಂತೀರಾ? ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಗಣೇಶನ ಹಬ್ಬಕ್ಕೆ ನಾಟಕ ಆಡುತ್ತಾರೆ. ಕುಚ್ಚಿನ ಸಮೇತ ಅವರಿಗೇ ಕೊಟ್ಟುಬಿಟ್ಟೆ. ಅದರ ಜಾಗ ಅದಕ್ಕೆ ಸಿಕ್ಕಿತು.